ಒಮ್ಮೆ ಒತ್ತಿದ ಬಟನ್

“ಗುರುಗಳೇ, ಸರಿಯಾದ ಕ್ರಮವನ್ನು ಒಂದು ಸಾಲಿನಲ್ಲಿ ಹೇಳಿಬಿಟ್ಟರೆ ಸಾಲದೇ? ಅದನ್ನು ಕಲಿಯುವಾಗ ತಾನು ಎಲ್ಲಿ ಎಡವಿದೆ, ಯಾರನ್ನು ಕೆಡವಿದೆ ಎಂಬ ಪುರಾಣವನ್ನೂ ಊದಲೇಬೇಕೇ?”

ಕೇಳಿದವನು ಚನ್ನವೀರ. ಜಾಲತಾಣ ಕಟ್ಟುವವರ ಒಂದು ಬಳಗವನ್ನು ಅವನು ಅಂತರ್ಜಾಲದಲ್ಲಿ ನಡೆಸುತ್ತಿದ್ದ. ಕೋಡ್ ಬರೆಯುವ ಒಳ್ಳೆಯ ಪದ್ಧತಿಗಳನ್ನು ಒಬ್ಬರು ಇನ್ನೊಬ್ಬರಿಗೆ ಹೇಳಿಕೊಡುವ ಜಾಗ ಅದು. ಈಚೆಗೆ ಅಲ್ಲಿ ಮಾತು ಹೆಚ್ಚಾಗಿತ್ತು. ಒಬ್ಬ ತನ್ನ ತಪ್ಪನ್ನು ಮೂರು ಪುಟ ಬರೆದರೆ ಮತ್ತೊಬ್ಬ ಐದು ಪುಟ ಬರೆಯುತ್ತಿದ್ದ. ಚನ್ನವೀರನಿಗೆ ಸಾಕಾಗಿತ್ತು. ಇನ್ನು ಮುಂದೆ ಯಾರೇ ಆಗಲಿ, ಹೇಳುವುದನ್ನು ಒಂದೇ ಸಾಲಿನಲ್ಲಿ ಹೇಳಬೇಕು ಎಂದು ಕಟ್ಟಳೆ ಮಾಡಲು ಹೊರಟಿದ್ದ. ಮಾಡುವ ಮುಂಚೆ ಒಂದು ಮಾತು ಕೇಳಿ ಬರೋಣವೆಂದು ದುಂಡಪ್ಪ ಮಾಸ್ತರರ ಹತ್ತಿರ ಬಂದಿದ್ದ. ಅವನಿಗೆ ಕೋಡಿನ ಮೊದಲ ಅಕ್ಷರ ತಿದ್ದಿಸಿದವರು ಅವರೇ.

“ಕಟ್ಟಳೆ ಎಂದಿನಿಂದ?” ಎಂದರು ಮಾಸ್ತರರು.

“ನಾಳೆಯಿಂದ.”

“ಹಾಗಾದರೆ ಇವತ್ತು ಪುರಸೊತ್ತಿದೆ. ಕೂತುಕೋ ತಮ್ಮಾ” ಎಂದು ಮಾಸ್ತರರು ಕತೆ ಹೇಳತೊಡಗಿದರು.

ಒಂದು ಊರಿನಲ್ಲಿ ಒಬ್ಬ ಕಸುಬುದಾರನಿದ್ದ. ಜಾಲತಾಣ ಕಟ್ಟುವುದು ಅವನ ಕಸುಬು. ಕೈ ಶುದ್ಧ, ಮಾತು ಕಡಿಮೆ. ಅವನು ಕಟ್ಟಿದ್ದು ಮುರಿಯುವುದಿಲ್ಲ ಎಂದು ಹೆಸರಿತ್ತು. ಆ ಹೆಸರು ಅವನಿಗೆ ಅನ್ನಕ್ಕಿಂತ ಹೆಚ್ಚು.

ಆ ಊರಿನಲ್ಲಿ ರಕ್ತ ಶುದ್ಧಿ ಮಾಡುವ ಒಂದು ಕೇಂದ್ರ ಇತ್ತು. ಜನ ಡಯಾಲಿಸಿಸ್ ಎನ್ನುತ್ತಾರೆ. ಆರು ಕುರ್ಚಿ, ನೂರಾರು ರೋಗಿಗಳು. ಬೆಳಗಿನ ಜಾವದಿಂದ ಬಾಗಿಲಲ್ಲಿ ಸಾಲು, ಜಗಳ, ಅಳು. ಇದು ಬೇಡವೆಂದು ಕೇಂದ್ರದವರು ಕಸುಬುದಾರನನ್ನು ಕರೆಸಿ ಒಂದು ಪುಟ ಕಟ್ಟಿಸಿದರು. ಮನೆಯಲ್ಲಿ ಕೂತು ಫೋನಿನಲ್ಲಿ ಬಟನ್ ಒತ್ತಿದರೆ ಕುರ್ಚಿ ನಿನ್ನದು. ಕಸುಬುದಾರ ತನ್ನ ಕೋಣೆಯಲ್ಲಿ ಕೂತು ನೂರು ಸಲ ಒತ್ತಿ ನೋಡಿದ. ನೂರು ಸಲವೂ ಸರಿಯಾಯಿತು. ಅವನ ಕೋಣೆಯಲ್ಲಿ ನೆಟ್ ಕುದುರೆಯಂತೆ ಓಡುತ್ತಿತ್ತು.

ಒಂದು ದಿನ ಒಬ್ಬ ಮಗ ತನ್ನ ತಾಯಿಗಾಗಿ ಬಟನ್ ಒತ್ತಿದ. ನೆಟ್ ನಿಧಾನ ಇತ್ತು. ಏನೂ ಆದಂತೆ ಕಾಣಲಿಲ್ಲ. ಮತ್ತೊಮ್ಮೆ ಒತ್ತಿದ. ಎರಡೂ ಹೋಗಿ ಮುಟ್ಟಿದವು. ಒಬ್ಬ ತಾಯಿಗೆ ಎರಡು ಕುರ್ಚಿ ಬಿದ್ದವು. ಅವೇ ಆ ದಿನದ ಕೊನೆಯ ಎರಡು ಕುರ್ಚಿ.

ಅದೇ ದಿನ ಒಬ್ಬ ಮುದುಕ ಮೊದಲ ಬಸ್ಸಿಗೆ ಹೊರಟು ಬಂದಿದ್ದ. ಅವನಿಗೆ ಕುರ್ಚಿ ಇಲ್ಲ ಎಂದರು. “ಅಗೋ, ಅಲ್ಲೊಂದು ಖಾಲಿ ಇದೆಯಲ್ಲ ತಾಯಿ” ಎಂದ ಮುದುಕ. ಗುಮಾಸ್ತೆ ಕಂಪ್ಯೂಟರ್ ನೋಡಿ, “ಖಾಲಿ ಇಲ್ಲ ಅಜ್ಜಾ, ಬರುವವರಿದ್ದಾರೆ” ಎಂದಳು. ಬರುವವರು ಆಗಲೇ ಬಂದು ಪಕ್ಕದ ಕುರ್ಚಿಯಲ್ಲಿ ಮಲಗಿದ್ದರು. ನಾಲ್ಕು ತಾಸು ಆ ಕುರ್ಚಿ ಬರಿದಾಗಿ ಕೂತಿತು. ನಾಲ್ಕು ತಾಸು ಮುದುಕ ಅದರ ಎದುರಿನ ಬೆಂಚಿನ ಮೇಲೆ ಕೂತಿದ್ದ.

ಕಸುಬುದಾರ ವಿಷಯ ತಿಳಿದು ಆ ಮುದುಕನನ್ನು ನೋಡಲು ಹೋದ. ಮುದುಕನ ಕಾಲುಗಳು ಬಾತು ಕಂಬವಾಗಿದ್ದವು. ಉಸಿರು ಎಳೆದೆಳೆದು ಬರುತ್ತಿತ್ತು. ಬಂದವನು ಯಾರೆಂದು ಅವನಿಗೆ ಗೊತ್ತಿಲ್ಲ. “ಕುರ್ಚಿ ಖಾಲಿ ಇತ್ತಪ್ಪಾ. ನಾನು ಕಣ್ಣಾರೆ ಕಂಡೆ. ಹೇಳಿದರೆ ಯಾರೂ ನಂಬಲಿಲ್ಲ” ಎಂದ. ಕಸುಬುದಾರ ತಂದಿದ್ದ ಹಣ್ಣನ್ನು ಇಟ್ಟು ಎದ್ದು ಬಂದ. ಆ ಪುಟ ಕಟ್ಟಿದವನು ತಾನೇ ಎಂದು ಹೇಳಲಿಲ್ಲ. ತಿಂಗಳು ತುಂಬುವುದರೊಳಗೆ ಮುದುಕ ಹೋದ.

ಕೇಂದ್ರದವರು ಕೇಳಿದಾಗ ಕಸುಬುದಾರ, “ಜನಕ್ಕೆ ತಾಳ್ಮೆ ಇಲ್ಲ ಸ್ವಾಮಿ. ಒಮ್ಮೆ ಒತ್ತಿ ಅಂದರೆ ಹತ್ತು ಸಲ ಒತ್ತುತ್ತಾರೆ” ಎಂದ. ಅವರೂ ಹೌದೆಂದರು. ಆಮೇಲೆ ಅವನು ಕೋಡ್ ತಿದ್ದಿದ. ಒಮ್ಮೆ ಒತ್ತಿದ ಕೂಡಲೇ ಬಟನ್ ಮಸುಕಾಗಿ ಮುಚ್ಚಿಕೊಳ್ಳುವಂತೆ ಮಾಡಿದ. ಇನ್ನೊಮ್ಮೆ ಒತ್ತಿದರೆ ಅದು ಮಿಸುಕುವುದಿಲ್ಲ. ಮತ್ತೆ ಎಂದೂ ಒಬ್ಬರಿಗೆ ಎರಡು ಕುರ್ಚಿ ಬೀಳಲಿಲ್ಲ.

ಈಗ ಇನ್ನೊಂದು ಸಂಗತಿ. ಊರವರು ಅರಳಿಕಟ್ಟೆಯ ಮೇಲೆ ಕೂರುವ ಹಾಗೆ, ಕೋಡ್ ಬರೆಯುವವರು ಕೂರುವ ಕಟ್ಟೆಯೊಂದು ಜಾಲದಲ್ಲಿತ್ತು. ಕಸುಬುದಾರ ಆ ಕಟ್ಟೆಯ ಹಿರಿಯ. ಅಲ್ಲಿಯೂ ಒಂದು ಕಟ್ಟಳೆ ಇತ್ತು. ಹೇಳುವುದನ್ನು ಒಂದು ಸಾಲಿನಲ್ಲಿ ಹೇಳಬೇಕು. ಉದ್ದ ಬರೆದರೆ ಕಟ್ಟೆಯನ್ನು ನೋಡಿಕೊಳ್ಳುವ ಅಡ್ಮಿನ್ ಅಳಿಸುತ್ತಾನೆ.

“ಒಳ್ಳೆಯ ಕಟ್ಟಳೆ” ಎಂದ ಚನ್ನವೀರ.

“ಒಳ್ಳೆಯದೇ” ಎಂದರು ಮಾಸ್ತರರು. “ಕೇಳು.”

ಕಸುಬುದಾರ ಆ ಕಟ್ಟೆಯ ಮೇಲೆ ತಾನು ಕಲಿತದ್ದನ್ನು ಬರೆದ: “ಒತ್ತಿದ ಬಟನ್ ಅನ್ನು ಆ ಕ್ಷಣವೇ ಮುಚ್ಚಿ.” ಅಷ್ಟೇ. ಮುದುಕನ ಹೆಸರಿಲ್ಲ, ಕುರ್ಚಿಯ ಸುದ್ದಿಯಿಲ್ಲ. ಬರೆಯಬೇಕೆಂದು ಅವನಿಗೆ ಅನಿಸಲೇ ಇಲ್ಲ ಎಂದಲ್ಲ. ಆದರೆ ಕಟ್ಟಳೆ ಇತ್ತಲ್ಲ, ಅದು ಅವನ ನಾಚಿಕೆಗೆ ಒಳ್ಳೆಯ ಹೊದಿಕೆಯಾಯಿತು.

ಸಾಲು ಎಲ್ಲರಿಗೂ ಹಿಡಿಸಿತು. ನಾನ್ನೂರು ಮಂದಿ ಮೆಚ್ಚಿದರು. ಕಟ್ಟೆಯ ಒಳ್ಳೆಯ ಪದ್ಧತಿಗಳ ಪಟ್ಟಿಯಲ್ಲಿ ಅಡ್ಮಿನ್ ಅದನ್ನು ಮೊದಲನೆಯದಾಗಿ ಇಟ್ಟ. “ಅಣ್ಣ ಬಾಯಿ ಬಿಟ್ಟರೆ ಒಂದು ಸಾಲು, ಆ ಸಾಲಿನಲ್ಲಿ ಒಂದು ಊರು ಬದುಕುತ್ತದೆ” ಎಂದು ಒಬ್ಬ ಹೊಗಳಿದ. “ಅಣ್ಣನ ಮನೆಯಲ್ಲಿ ಅತ್ತಿಗೆ ಕರೆದರೂ ಒಂದೇ ಸಲ ಕರೆಯಬೇಕಂತೆ, ಎರಡನೆಯ ಸಲ ಕಿವಿ ಮುಚ್ಚಿಕೊಳ್ಳುತ್ತದಂತೆ” ಎಂದು ಇನ್ನೊಬ್ಬ ಕಿಚಾಯಿಸಿದ. ಕಸುಬುದಾರನೂ ನಕ್ಕ.

ದೂರದ ಗುಡ್ಡಸೀಮೆಯಲ್ಲಿ ಒಬ್ಬಳು ಹೆಣ್ಣುಮಗಳಿದ್ದಳು. ಈ ಕಸುಬಿಗೆ ಹೊಸಬಳು. ಶಾಲೆಯಲ್ಲಿ ಕಲಿತದ್ದಲ್ಲ, ಆ ಕಟ್ಟೆಯನ್ನು ನೋಡಿ ನೋಡಿಯೇ ಕಲಿತವಳು. ಅವಳ ಸೀಮೆಯಲ್ಲಿ ಏಳು ಊರುಗಳಿಗೆ ಸೇರಿ ಒಂದು ಹೆರಿಗೆ ಗಾಡಿ ಇತ್ತು. ಹೆಂಗಸರ ಸಂಘದವರೇ ನಡೆಸುತ್ತಿದ್ದ ಜೀಪು. ಗುಡ್ಡದಲ್ಲಿ ಫೋನಿನ ಮಾತು ನಿಲ್ಲುತ್ತಿರಲಿಲ್ಲ, ನೋವು ಕಾಣಿಸಿಕೊಂಡರೆ ಗಾಡಿಯನ್ನು ಕರೆಯಲು ಒಬ್ಬರು ಓಡಬೇಕಿತ್ತು. ಸಂಘದವರು ಅವಳಿಗೆ, “ಏನೋ ಫೋನಿನಲ್ಲಿ ಮಾಡುತ್ತೀಯಲ್ಲ, ಗಾಡಿ ಕರೆಯುವ ಒಂದು ಬಟನ್ ಮಾಡಿಕೊಡೇ” ಎಂದರು. ಅವಳು ಮಾಡಿಕೊಟ್ಟಳು. ಕಟ್ಟೆಯ ಪಟ್ಟಿಯನ್ನು ಎದುರಿಗಿಟ್ಟುಕೊಂಡು, ಒಂದೂ ಬಿಡದೆ ಪಾಲಿಸಿದಳು. ಒತ್ತಿದ ಬಟನ್ ಆ ಕ್ಷಣವೇ ಮುಚ್ಚಿಕೊಳ್ಳುತ್ತಿತ್ತು.

ಆರಂಭದ ದಿನಗಳಲ್ಲೇ ಒಬ್ಬ ಹೆಂಗಸು ಬಂದು, “ನಿನ್ನ ಬಟನ್ ಒಮ್ಮೆ ಮುನಿಸಿಕೊಂಡರೆ ಮತ್ತೆ ಮಾತೇ ಆಡುವುದಿಲ್ಲವಲ್ಲೇ” ಎಂದಳು. ನೋಡಿದರೆ ನಿಜ. ಗುಡ್ಡದಲ್ಲಿ ನೆಟ್ ಬಂದು ಹೋಗುವ ನೆಂಟ. ಒತ್ತಿದ್ದು ದಾರಿಯಲ್ಲೇ ಸತ್ತರೂ ಬಟನ್ ಮುಚ್ಚಿಕೊಂಡುಬಿಡುತ್ತಿತ್ತು. ಅದನ್ನು ತೆರೆದಿಡೋಣವೇ ಎಂದುಕೊಂಡಳು. ಆದರೆ ಹಿರಿಯರ ಸಾಲು. ನಾನ್ನೂರು ಮಂದಿ ಮೆಚ್ಚಿದ ಸಾಲು. ತನಗೆ ಗೊತ್ತಿಲ್ಲದ ಏನೋ ಒಂದು ಅದರ ಹಿಂದೆ ಇದ್ದೀತು ಎಂದು ಹೆದರಿದಳು. ಕಟ್ಟೆಗೆ ಹೋಗಿ ಕೇಳಿದಳು: “ಅಣ್ಣಾ, ಒತ್ತಿದ ಬಟನ್ ಅನ್ನು ಯಾಕೆ ಮುಚ್ಚಬೇಕು? ನಮ್ಮಲ್ಲಿ ಮತ್ತೆ ತೆರೆದರೆ ಏನಾಗುತ್ತದೆ?”

ಕಸುಬುದಾರ ಅದನ್ನು ಓದಿದ. ಅವಳು ಎಲ್ಲಿಯವಳು, ಯಾವ ಕೆಲಸಕ್ಕೆ ಕೇಳುತ್ತಿದ್ದಾಳೆ ಎಂಬುದು ಅವನಿಗೆ ತಿಳಿಯದು. ಅವಳೂ ಒಂದೇ ಸಾಲಿನಲ್ಲಿ ಕೇಳಿದ್ದಳು. ಆದರೂ ಅವನ ಕೈ ತಾನಾಗಿ ಬರೆಯತೊಡಗಿತು. ಒಬ್ಬ ಮಗ ಎರಡು ಸಲ ಒತ್ತಿದ್ದು, ಬರಿದಾದ ಕುರ್ಚಿ, ಬೆಂಚಿನ ಮೇಲೆ ಕೂತ ಮುದುಕ, ಬಾತ ಕಾಲು. ಎಲ್ಲವನ್ನೂ ಬರೆದ. ಬರೆದು ನೋಡಿದ. ನಾನ್ನೂರು ಮಂದಿ ಇದನ್ನು ಓದುತ್ತಾರೆ. ಕಟ್ಟಿದ್ದು ಮುರಿಯದವನು ಎಂಬ ಹೆಸರು ಇಂದೇ ಮುರಿಯುತ್ತದೆ. ಹೇಗೂ ಒಂದು ಸಾಲಿಗಿಂತ ಉದ್ದವಾಗಿದೆ ಎಂದುಕೊಂಡ. ಬರೆದದ್ದನ್ನೆಲ್ಲ ಅಳಿಸಿದ. “ಅನುಭವದ ಮಾತು ತಂಗಿ, ಮುಚ್ಚು” ಎಂದಷ್ಟೇ ಉತ್ತರ ಕೊಟ್ಟ.

ಅವಳು ಕೈಮುಗಿದ ಗುರುತು ಹಾಕಿದಳು. ಬಟನ್ ಮೊದಲಿನಂತೆಯೇ ಮುಚ್ಚಿಕೊಳ್ಳುತ್ತಿತ್ತು.

ಕೆಲವು ವಾರಗಳ ಮೇಲೆ, ಒಂದು ಬೆಳಗ್ಗೆ, ತುದಿಯ ಊರಿನಲ್ಲಿ ಚೊಚ್ಚಲ ಬಸುರಿಯೊಬ್ಬಳಿಗೆ ನೋವು ಕಾಣಿಸಿತು. ಅವಳ ಗಂಡ ಬಂಡೆಯ ಮೇಲೆ ಹತ್ತಿ, ಫೋನು ಎತ್ತಿ ಹಿಡಿದು, ಬಟನ್ ಒತ್ತಿದ. ಬಟನ್ ಮಸುಕಾಯಿತು. ಕರೆ ಹೋಯಿತು ಎಂದುಕೊಂಡು ಇಳಿದು ಬಂದ. ಬಟನ್ ಮುಚ್ಚಿದರೆ ಕರೆ ಮುಟ್ಟಿದಂತೆ ಎಂದು ಸೀಮೆಯವರೆಲ್ಲ ತಿಳಿದಿದ್ದರು. ಬಸುರಿಯನ್ನು ಕಂಬಳಿಯಲ್ಲಿ ಹೊತ್ತು ರಸ್ತೆಗೆ ತಂದು ಕೂತರು. ಗಾಡಿ ಬರಲಿಲ್ಲ. ಇನ್ನೇನು ಬಂದೀತು ಎಂದರು. ಸೂರ್ಯ ನೆತ್ತಿಗೆ ಬಂದ. ಗಂಡ ಮತ್ತೆ ಬಂಡೆ ಹತ್ತಿ ಒತ್ತಿದ, ಬಟನ್ ಮಿಸುಕಲಿಲ್ಲ. ಪುಟವನ್ನು ಮುಚ್ಚಿ ಮತ್ತೆ ತೆರೆಯಬೇಕೆಂದು ಅವನಿಗೆ ಯಾರೂ ಹೇಳಿರಲಿಲ್ಲ. “ಆಗಲೇ ಕರೆದಾಗಿದೆಯಲ್ಲ, ಅದಕ್ಕೇ ಒತ್ತಗೊಡುವುದಿಲ್ಲ. ಹೊರಟಿದ್ದಾರೆ” ಎಂದು ಹೇಳಿ ಹೆಂಡತಿಯ ತಲೆ ನೇವರಿಸಿದ.

ಅಷ್ಟು ಹೊತ್ತೂ ಗಾಡಿ ಮೂರು ಹರದಾರಿ ಆಚೆ ನೆರಳಿನಲ್ಲಿ ನಿಂತಿತ್ತು. ಡ್ರೈವರಮ್ಮ ಕರೆಗಾಗಿ ಕಾಯುತ್ತ ಕೂತಿದ್ದಳು.

ತಾಯಿ ಉಳಿದಳು. ಕೂಸು ಉಳಿಯಲಿಲ್ಲ.

ಹೊಸಬಳು ಅಂದಿನಿಂದ ಅನ್ನ ಬಿಟ್ಟಳು. ಎಂಟನೆಯ ದಿನ ಬಸ್ಸು ಹತ್ತಿ, ಊರು ಕೇಳಿಕೊಂಡು ಕಸುಬುದಾರನ ಮನೆಗೆ ಬಂದಳು. ಬಾಗಿಲಲ್ಲೇ ನಿಂತು ಆದದ್ದನ್ನು ಹೇಳಿದಳು. ಬೈಯಲಿಲ್ಲ.

“ಒಂದೇ ಒಂದು ಕೇಳಲು ಬಂದೆ ಅಣ್ಣಾ” ಎಂದಳು. “ಆ ಬಟನ್ ಯಾಕೆ ಮುಚ್ಚಬೇಕಿತ್ತು?”

ಈ ಸಲ ಕಸುಬುದಾರ ಹೇಳಿದ. ಮುದುಕನನ್ನು ಹೇಳಿದ, ಕುರ್ಚಿಯನ್ನು ಹೇಳಿದ. ಕೇಂದ್ರದವರ ಮುಂದೆ ತಪ್ಪನ್ನು ಜನರ ಮೇಲೆ ಹೊರಿಸಿದ್ದನ್ನೂ ಹೇಳಿದ.

ಅವಳು ಪೂರ್ತಿ ಕೇಳಿದಳು. ಕೇಳಿ, “ಅಷ್ಟೇನಾ?” ಎಂದಳು. “ಒಬ್ಬರಿಗೆ ಎರಡು ಕುರ್ಚಿ ಹೋಗಬಾರದು ಎಂದಷ್ಟೇನಾ? ನಮ್ಮಲ್ಲಿ ಇದ್ದದ್ದು ಒಂದು ಗಾಡಿ ಅಣ್ಣಾ. ಹತ್ತು ಸಲ ಕರೆದರೂ ಅದೇ ಒಂದು ಗಾಡಿ ಬರುತ್ತಿತ್ತು. ಅಜ್ಜನ ಕತೆಯನ್ನು ಅವತ್ತೇ ಹೇಳಿದ್ದರೆ ನನ್ನಂಥ ದಡ್ಡಿಗೂ ಇದು ಹೊಳೆಯುತ್ತಿತ್ತು.”

ಅವಳು ನೀರನ್ನೂ ಕುಡಿಯದೆ ಹೊರಟುಹೋದಳು.

ಕಸುಬುದಾರ ಕೂತು ಬರೆದ. ಮುದುಕನಿಂದ ಹಿಡಿದು ಕೂಸಿನವರೆಗೆ, ಒಂದನ್ನೂ ಮುಚ್ಚಿಡದೆ ಬರೆದು ಕಟ್ಟೆಯ ಮೇಲೆ ಇಟ್ಟ. ಕೊನೆಯಲ್ಲಿ ತನ್ನ ಹೆಸರು ಹಾಕಿದ. ಹೆಸರು ಹೋದರೆ ಹೋಗಲಿ ಎಂದು ಎದೆ ಗಟ್ಟಿಮಾಡಿಕೊಂಡು ಕೂತ. ಅರ್ಧ ತಾಸಿನ ಮೇಲೆ ನೋಡಿದರೆ ಬರೆದದ್ದು ಅಲ್ಲಿರಲಿಲ್ಲ. ಅಡ್ಮಿನ್ ಅಳಿಸಿದ್ದ.

ಕಸುಬುದಾರ ಅವನಿಗೆ ಫೋನು ಮಾಡಿದ.

“ಅಣ್ಣಾ, ನೀವೇ ಹೀಗೆ ಮಾಡಿದರೆ ಹೇಗೆ?” ಎಂದ ಅಡ್ಮಿನ್. “ಮೇಲಿನ ಎರಡು ಸಾಲು ನೋಡಿದೆ. ಆಸ್ಪತ್ರೆ, ಅಜ್ಜ, ಬೆಂಚು ಅಂತ ಏನೋ ಇತ್ತು. ನಿಮಗೊಂದು ನ್ಯಾಯ, ಉಳಿದವರಿಗೊಂದು ನ್ಯಾಯ ಆಗಬಾರದು ನೋಡಿ. ಒಂದು ಸಾಲಿನಲ್ಲಿ ಕೊಡಿ, ಪಟ್ಟಿಯ ಮೇಲೇ ಇಡುತ್ತೇನೆ.”

ಕಸುಬುದಾರ ಒಂದು ಸಾಲಿಗೆ ಕೂತ. “ಉತ್ತರ ಬಾರದಿದ್ದರೆ ಬಟನ್ ಅನ್ನು ಮತ್ತೆ ತೆರೆಯಿರಿ” ಎಂದು ಬರೆದ. ಬರೆದು ದಿಟ್ಟಿಸಿದ. ಸಾಲು ಚೆನ್ನಾಗಿತ್ತು. ಮೊದಲನೆಯ ಸಾಲೂ ಹೀಗೇ ಚೆನ್ನಾಗಿತ್ತು. ಇದನ್ನೂ ಯಾರೋ ಕಾರಣ ತಿಳಿಯದೆ ಇಳಿಸಿಕೊಳ್ಳುತ್ತಾರೆ. ಎಲ್ಲೋ ಮತ್ತೆ ತೆರೆದ ಬಟನ್ ಇನ್ನೊಬ್ಬ ಮುದುಕನ ಕುರ್ಚಿಯನ್ನು ಕಸಿಯುತ್ತದೆ. ಅಳಿಸಿದ. ಬೇರೆ ಬರೆದ. ಅದನ್ನೂ ಅಳಿಸಿದ. ಮಧ್ಯಾಹ್ನ ಕಳೆಯಿತು. ಬರೆದ ಯಾವ ಸಾಲಿನಲ್ಲೂ ಆ ಮುದುಕ ಹಿಡಿಸಲಿಲ್ಲ, ಆ ಕೂಸೂ ಹಿಡಿಸಲಿಲ್ಲ.

ಮತ್ತೆ ಫೋನು ಮಾಡಿ, “ಹಾಗಾದರೆ ನನ್ನ ಹಳೆಯ ಸಾಲನ್ನಾದರೂ ತೆಗೆದುಬಿಡು ತಮ್ಮಾ” ಎಂದ.

“ಅದು ಹೇಗೆ ಆಗುತ್ತದೆ ಅಣ್ಣಾ? ನಾನ್ನೂರು ಮಂದಿ ಒಪ್ಪಿದ್ದಾರೆ. ಈಗ ಅದು ನಿಮ್ಮ ಸಾಲಲ್ಲ, ಕಟ್ಟೆಯ ಸಾಲು. ಅದರಲ್ಲಿ ತಪ್ಪು ಏನಿದೆ ಹೇಳಿ, ಒಂದು ಸಾಲಿನಲ್ಲಿ.”

ಕಸುಬುದಾರ ಫೋನು ಇಟ್ಟ.

ಮಾರನೆಯ ದಿನದಿಂದ ಅವನು ಬೇರೆ ಕೆಲಸ ಮಾಡಲಿಲ್ಲ. ತನ್ನ ಸಾಲನ್ನು ಮೆಚ್ಚಿದ್ದ ನಾನ್ನೂರು ಮಂದಿಯ ಹೆಸರನ್ನು ಬರೆದುಕೊಂಡ. ಒಬ್ಬೊಬ್ಬರನ್ನೇ ಹುಡುಕಿ, ಒಬ್ಬೊಬ್ಬರಿಗೇ ಫೋನು ಮಾಡಿ, ಮುದುಕನಿಂದ ಕೂಸಿನವರೆಗೆ ಹೇಳತೊಡಗಿದ. ಕೆಲವರು ಕೇಳಿಸಿಕೊಂಡರು. ಕೆಲವರು, “ಅಣ್ಣನಿಗೆ ಏನೋ ಆಗಿದೆ” ಎಂದು ನಡುವೆಯೇ ಇಟ್ಟುಬಿಟ್ಟರು. ಒಬ್ಬ, “ಇಷ್ಟು ದಿನ ನಿಮ್ಮನ್ನು ನಂಬಿದ್ದೆನಲ್ಲ” ಎಂದ. ಕಸುಬುದಾರ ಮುಂದಿನ ಹೆಸರಿಗೆ ಹೋದ.

ಅವನು ಇನ್ನೂ ಹೇಳುತ್ತಿದ್ದಾನೆ. ಅರವತ್ತೋ ಎಪ್ಪತ್ತೋ ಹೆಸರು ಮುಗಿದಿರಬೇಕು. ಆ ಸಾಲು ಮಾತ್ರ ಪಟ್ಟಿಯಲ್ಲಿ ಮೊದಲನೆಯದಾಗಿಯೇ ಇದೆ. ಅವನು ಒಬ್ಬನಿಗೆ ಹೇಳಿ ಮುಗಿಸುವಷ್ಟರಲ್ಲಿ ಹೊಸಬರು ಇಬ್ಬರು ಅದನ್ನು ಇಳಿಸಿಕೊಂಡಿರುತ್ತಾರೆ.

ಮಾಸ್ತರರು ಇಲ್ಲಿಗೆ ನಿಲ್ಲಿಸಿದರು.

ಚನ್ನವೀರನ ಮುಖ ಕೆಂಪಾಗಿತ್ತು. “ಎಂಥ ಮನುಷ್ಯ ಗುರುಗಳೇ ಆ ಅಡ್ಮಿನ್!” ಎಂದ. “ಒಂದು ಕೂಸು ಹೋಗಿದೆ. ಎರಡು ನಿಮಿಷ ಕೂತು ಪೂರ್ತಿ ಓದಿದ್ದರೆ ಅವನ ಗಂಟೇನು ಹೋಗುತ್ತಿತ್ತು? ಎದೆಯ ಜಾಗದಲ್ಲಿ ಕಲ್ಲಿತ್ತೇ ಅವನಿಗೆ?”

“ಒಳ್ಳೆಯವನೇ ತಮ್ಮಾ” ಎಂದರು ಮಾಸ್ತರರು, “ನಿನ್ನ ಹಾಗೆ ಅವನಿಗೂ ಒಂದೇ ಸಾಲು ಸಾಕು ಎನಿಸಿತ್ತು.”